ಹುಳು ನೋಡಿ ನೀರು, ಕೆಸರು ಅಳೆಯುವುದು: ಕಲಬುರಗಿ, ಬೀದರ್, ಯಾದಗಿರಿಯ ಹೊಳೆ-ಹಳ್ಳಗಳಿಗೆ ಸಮಗ್ರ ಮಾರ್ಗದರ್ಶಿ

ಹೊಳೆಯ ತಳದಲ್ಲಿ ಬಾಳುವ ಹುಳು-ಮರಿಗಳಲ್ಲಿ ಕೆಲವು ಕೊಳೆ ಸಹಿಸುತ್ತವೆ, ಕೆಲವು ಸಹಿಸುವುದಿಲ್ಲ. ಯಾವುವು ಸಿಕ್ಕವು ಎಂಬುದರಿಂದ ನೀರು, ಕೆಸರು ಎಷ್ಟು ಕೆಟ್ಟಿವೆ ಎಂದು ಅಳೆಯಬಹುದು. ಆದರೆ ಬಲೆ ಹಿಡಿದು ಹೊಳೆಗಿಳಿದವರ ಕೆಲಸ ಬಹಳ ಸಲ ಕೆಡುವುದು ಹುಳು ಗುರುತಿಸುವಾಗ ಅಲ್ಲ, ಅದಕ್ಕೂ ಮೊದಲೇ. ಊರಿನ ಮೇಲ್ಗಡೆ ಕಲ್ಲಿನ ಹರಿವಿನಲ್ಲಿ ಒಂದು ಮಾದರಿ, ಗಟಾರದ ನೀರು ಸೇರಿದ ಮೇಲೆ ಕೆಳಗಡೆ ಕೆಸರಿನ ಮಡುವಿನಲ್ಲಿ ಇನ್ನೊಂದು ಮಾದರಿ ತೆಗೆಯುತ್ತಾರೆ. ಎರಡು ಪಟ್ಟಿ ಬೇರೆಬೇರೆ ಬಂದವು, ಆದ್ದರಿಂದ ಗಟಾರ ನೀರು ಕೆಡಿಸಿದೆ ಎಂದು ಬರೆಯುತ್ತಾರೆ. ಆ ಜಾಗದಲ್ಲಿ ಗಟಾರವೇ ಇರದಿದ್ದರೂ ಪಟ್ಟಿ ಬೇರೆಯೇ ಬರುತ್ತಿತ್ತು. ಕಲ್ಲಿನ ಹುಳು ಕೆಸರಲ್ಲಿ ಬಾಳುವುದಿಲ್ಲ.

ಆದ್ದರಿಂದ ಕೆಳಗಿನ ಹಂತಗಳಲ್ಲಿ ಮೊದಲ ನಾಲ್ಕು ನೀರಿಗಿಳಿಯುವ ಮುಂಚಿನವು. ಅವನ್ನು ಹಾರಿಸಿ ಬಲೆಗೆ ಕೈಹಾಕಬೇಡಿ.

ಹಂತ 1: ಜೋಡಿ ಜಾಗ ಆರಿಸುವುದು

ಒಂದೇ ಜಾಗದ ಲೆಕ್ಕಕ್ಕೆ ಅರ್ಥ ಕಡಿಮೆ. ಕನಿಷ್ಠ ಮೂರು ಜಾಗ ಬೇಕು: ಕೊಳೆ ಸೇರುವುದಕ್ಕಿಂತ ಮೇಲೆ ಒಂದು, ಸೇರಿ ಪೂರ್ತಿ ಬೆರೆತ ಮೇಲೆ ಒಂದು, ಅಲ್ಲಿಂದ ಒಂದೆರಡು ಕಿಲೋಮೀಟರ್ ಕೆಳಗೆ ಒಂದು. ಮೂರನೆಯದು ಹೊಳೆ ಚೇತರಿಸಿಕೊಳ್ಳುತ್ತಿದೆಯೋ ಇಲ್ಲವೋ ಎಂದು ತೋರಿಸುತ್ತದೆ.

ಬೆರೆತಿದೆಯೇ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಗಟಾರದ ನೀರು ಬಹಳ ದೂರ ಒಂದೇ ದಂಡೆ ಹಿಡಿದು ಹರಿಯುತ್ತದೆ. ವಿದ್ಯುತ್ ವಾಹಕತೆಯ (ನೀರಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಏರುವ ಅಂಕಿ) ಮೀಟರ್ ಹಿಡಿದು ಎರಡೂ ದಂಡೆ, ನಡುನೀರು ಮೂರೂ ಕಡೆ ಅಳೆಯಿರಿ. ಮೂರೂ ಅಂಕಿ ಹತ್ತಿರ ಬಂದ ಕಡೆ ಎರಡನೇ ಜಾಗ ಇಡಿ.

ಮೂರೂ ಕಡೆ ತಳ, ಆಳ, ವೇಗ, ನೆರಳು ಒಂದೇ ತರಹ ಇರಬೇಕು. ಭೀಮೆಯಲ್ಲಿ ಇದೇ ದೊಡ್ಡ ತೊಡಕು. ಸೊನ್ನ, ಸನ್ನತಿಯಂಥ ಬ್ಯಾರೇಜುಗಳ ಹಿಂದೆ ನಿಂತ ನೀರು ಹೊಳೆಯಲ್ಲ, ಕೆರೆಯ ಹಾಗೆ ನಡೆದುಕೊಳ್ಳುತ್ತದೆ. ಮೇಲಿನ ಜಾಗ ಹಿನ್ನೀರಿನಲ್ಲಿ, ಕೆಳಗಿನ ಜಾಗ ಹರಿಯುವ ನೀರಿನಲ್ಲಿ ಬಿದ್ದರೆ ಆ ಜೋಡಿಯನ್ನು ಬಿಟ್ಟುಬಿಡಿ. ಒಂದೇ ತರಹದ ತಳ ಎಲ್ಲಿಯೂ ಸಿಗದಿದ್ದರೆ ಮೂರೂ ಕಡೆ ಇರುವ ಒಂದು ನೆಲೆಯನ್ನು ಮಾತ್ರ, ಉದಾಹರಣೆಗೆ ದಂಡೆಯ ಆಪು-ಜೊಂಡನ್ನು ಮಾತ್ರ, ಹೋಲಿಸಿ.

ಪಶ್ಚಿಮ ಘಟ್ಟದ ತೊರೆಗಳ ಪಟ್ಟಿ ತಂದು ಇಲ್ಲಿ ಹೋಲಿಸಬೇಡಿ. ತಂಪಾದ, ಆಮ್ಲಜನಕ ತುಂಬಿದ ನೀರು ಬೇಡುವ ಸ್ಟೋನ್‌ಫ್ಲೈ ಎಂಬ ಕೀಟದ ಮರಿ ಕಾಗಿಣಾ ಹೊಳೆಯಲ್ಲಿ ಸಿಗಲಿಲ್ಲವೆಂದರೆ ಕಾಗಿಣಾ ಕೆಟ್ಟಿದೆ ಎಂದಲ್ಲ. ಬಯಲುಸೀಮೆಯ ಬೆಚ್ಚನೆಯ ಹೊಳೆಗೆ ಅಳತೆಗೋಲು ಅದೇ ಹೊಳೆಯ ಮೇಲ್ಗಡೆಯ ಜಾಗ.

ಚಿಂಚೋಳಿ ವನ್ಯಜೀವಿಧಾಮದ ಚಂದ್ರಂಪಳ್ಳಿ, ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮ ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ಹಂತ 2: ತಿಂಗಳು ಆರಿಸುವುದು

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದ ಪ್ರವಾಹ ತಳವನ್ನೇ ತೊಳೆದುಕೊಂಡು ಹೋಗುತ್ತದೆ. ಆಗ ಹುಳು ಕಡಿಮೆ ಸಿಕ್ಕರೆ ಅದು ಪ್ರವಾಹದ ಕೆಲಸ, ಮಾಲಿನ್ಯದ್ದಲ್ಲ. ದೊಡ್ಡ ಹರಿವು ಇಳಿದ ಮೇಲೆ ಮೂರು-ನಾಲ್ಕು ವಾರ ಕಾಯಿರಿ. ಭೀಮೆಯಲ್ಲಿ ಇನ್ನೂ ಎಚ್ಚರ ಬೇಕು: ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದೆಯೂ ಹೊಳೆ ಏರುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಹಳ್ಳಗಳು ಬಿಡಿಬಿಡಿ ಮಡುಗಳಾಗುತ್ತವೆ. ಆಗ ಮಾದರಿ ತೆಗೆಯಬಹುದು, ಆದರೆ ಅದನ್ನು ಚಳಿಗಾಲದ ಲೆಕ್ಕದ ಜೊತೆ ಇಡುವಂತಿಲ್ಲ. ಬೇಸಿಗೆಯನ್ನು ಬೇಸಿಗೆಗೇ ಹೋಲಿಸಿ.

ತೊಗರಿಗೆ ಕಾಯಿಕೊರಕದ ಔಷಧ ಹೊಡೆಯುವುದು ಹೂ-ಕಾಯಿ ಹಂತದಲ್ಲಿ, ಅಂದರೆ ಸರಿಸುಮಾರು ಅಕ್ಟೋಬರ್‌ನಿಂದ ಡಿಸೆಂಬರ್. ಹೊಲದ ಬಸಿನೀರಿನ ಪರಿಣಾಮ ನೋಡಬೇಕಾದರೆ ಸಿಂಪಡಣೆಗೆ ಮೊದಲು ಒಂದು, ಆದ ಮೇಲೆ ಒಂದು ಮಾದರಿ ಬೇಕು. ನಂತರದ್ದು ಮಾತ್ರ ಇದ್ದರೆ ಏನೂ ಹೇಳಲಾಗದು.

ಹಂತ 3: ಸಾಮಾನು

ಬಲೆ: ಡಿ ಆಕಾರದ ಚೌಕಟ್ಟು, ಸುಮಾರು 30 ಸೆಂ.ಮೀ. ಅಗಲ, ಉದ್ದ ಹಿಡಿ, 0.5 ಮಿ.ಮೀ. ಕಣ್ಣಿನ ನೈಲಾನ್ ಬಟ್ಟೆ. ಮೀನುಮರಿ ಸಾಕುವ ಕಡೆ ಬಳಸುವ ಬೋಲ್ಟಿಂಗ್ ಬಟ್ಟೆ ಸರಿಹೋಗುತ್ತದೆ. ಸೊಳ್ಳೆಪರದೆ ಬೇಡ. ಅದರ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದು. ಸಣ್ಣ ಮರಿಗಳು, ತೆಳ್ಳನೆಯ ಹುಳುಗಳು ಸೋರಿಹೋಗಿ ಬಸವನಹುಳು ಮಾತ್ರ ಉಳಿಯುತ್ತವೆ.

ಕೆಸರಿಗೆ: ಆಳದ ನೀರಿಗೆ 15×15 ಸೆಂ.ಮೀ. ಬಾಯಿಯ ಎಕ್‌ಮನ್ ಗ್ರ್ಯಾಬ್, ಅಂದರೆ ಎರಡು ದವಡೆಯಿಂದ ಕೆಸರನ್ನು ಕಚ್ಚಿ ತರುವ ಪೆಟ್ಟಿಗೆ. ಮೊಣಕಾಲುದ್ದದ ನೀರಿಗೆ ಅದರ ಅಗತ್ಯವಿಲ್ಲ, ಒಳ ಅಗಲ 10 ಸೆಂ.ಮೀ. ಇರುವ ಪಿವಿಸಿ ಪೈಪಿನ ತುಂಡು ಸಾಕು. ಅಂಗಡಿಯವರು ಹೇಳುವ ಇಂಚು ಬರೀ ಹೆಸರಿನ ಅಳತೆ. ಒಳ ಅಳತೆಯನ್ನು ನೀವೇ ಅಳೆದುಕೊಳ್ಳಿ.

ಉಳಿದದ್ದು: 0.5 ಮಿ.ಮೀ. ಜರಡಿ, ಎರಡು ಬಕೆಟ್, ಬಿಳಿ ಟ್ರೇ, ಮೆತ್ತನೆ ತುದಿಯ ಚಿಮಟ, ಪಿಪೆಟ್, ಬಟ್ಟೆ ಒಗೆಯುವ ಬ್ರಷ್, 10 ಪಟ್ಟಿನ ಭೂತಗನ್ನಡಿ, ಅಗಲ ಬಾಯಿಯ ಡಬ್ಬಿ, 70 ಶೇಕಡಾ ಸ್ಪಿರಿಟ್, ಪೆನ್ಸಿಲ್, ದಪ್ಪ ಕಾಗದ, ಮೊಣಕಾಲಿನವರೆಗಿನ ರಬ್ಬರ್ ಬೂಟು, ಕೈಗವಸು. 95 ಶೇಕಡಾ ರೆಕ್ಟಿಫೈಡ್ ಸ್ಪಿರಿಟ್ ಇದ್ದರೆ 740 ಮಿ.ಲೀ.ಗೆ ನೀರು ಬೆರೆಸಿ 1 ಲೀಟರ್ ಮಾಡಿಕೊಳ್ಳಿ.

ಕೈಗವಸನ್ನು ಬಿಡಬೇಡಿ. ಕೆರೆಗಳಲ್ಲಿ ಸಾಮಾನ್ಯವಾದ ಚಪ್ಪಟೆ ಸುರುಳಿಯ ಬಸವನಹುಳು, ಇಂಡೊಪ್ಲಾನಾರ್ಬಿಸ್, ಹೊರಬಿಡುವ ಪರೋಪಜೀವಿ ಮರಿಗಳು ಚರ್ಮಕ್ಕೆ ಹೊಕ್ಕು ತುರಿಕೆ ತರುತ್ತವೆ.

ಹಂತ 4: ನೀರಿಗೆ ಕಾಲಿಡುವ ಮುನ್ನ

ಮೊದಲು ದಂಡೆಯ ಮೇಲೆ ನಿಂತು ಉಷ್ಣತೆ, ಪಿಎಚ್, ವಾಹಕತೆ, ಕರಗಿದ ಆಮ್ಲಜನಕ ಅಳೆಯಿರಿ. ತಳ ಕದಡಿದ ಮೇಲೆ ಈ ಅಂಕಿಗಳು ಸುಳ್ಳಾಗುತ್ತವೆ. ಸೇಡಂ, ಚಿತ್ತಾಪುರ, ಶಹಾಬಾದ್ ಭಾಗ ಸುಣ್ಣಕಲ್ಲಿನ ನೆಲ. ನೀರು ಗಡಸು, ಪಿಎಚ್ 8ರ ಆಚೆ ಇರುವುದು ಅಲ್ಲಿ ಸಹಜ. ಆದ್ದರಿಂದ ಮೀಟರನ್ನು 7 ಮತ್ತು 10ರ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದ, ಬಫರ್‌ನಲ್ಲಿ ಸರಿಪಡಿಸಿ. 4 ಮತ್ತು 7ರಲ್ಲಿ ಸರಿಪಡಿಸಿ ತಂದರೆ ನಿಮಗೆ ಬೇಕಾದ ಕಡೆಯೇ ತಪ್ಪು ಬರುತ್ತದೆ.

ಮಧ್ಯಾಹ್ನದ ಆಮ್ಲಜನಕದ ಅಂಕಿ ನೋಡಿ ಮೋಸ ಹೋಗಬೇಡಿ. 30 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ತುಂಬಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 7.5 ಮಿ.ಗ್ರಾಂ., ಬೀದರಿನ ಎತ್ತರದಲ್ಲಿ ಇನ್ನೂ ಕಡಿಮೆ. ಹಸಿರು ಪಾಚಿಯ ನೀರಲ್ಲಿ ಮಧ್ಯಾಹ್ನ 10 ಬಂದರೆ ಅದು ಪಾಚಿ ಹಗಲಲ್ಲಿ ಬಿಟ್ಟದ್ದು. ಅದೇ ನೀರು ನಸುಕಿನಲ್ಲಿ ಉಸಿರುಗಟ್ಟಿರುತ್ತದೆ. ಹುಳುಗಳು ಹೇಳುವುದು ನಸುಕಿನ ಕಥೆ. ಮೀಟರ್ ಚೆನ್ನಾಗಿದೆ, ಹುಳು ಕೆಟ್ಟದ್ದು ಹೇಳುತ್ತಿವೆ ಎಂದಾಗ ಬೆಳಗಿನ ಜಾವ ಮತ್ತೊಮ್ಮೆ ಅಳೆಯಿರಿ.

ಅಪಾಯದ ಸೂಚನೆಗಳು: ನೀರು ಇದ್ದಕ್ಕಿದ್ದಂತೆ ಕದಡಿ ಕಸಕಡ್ಡಿ ಬರತೊಡಗಿದರೆ ಕೂಡಲೇ ದಂಡೆ ಹತ್ತಿ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ, ಪ್ರತಿ ಹೆಜ್ಜೆಗೂ ಬಲೆಯ ಕೋಲಿನಿಂದ ತಳ ಮುಟ್ಟಿ ನೋಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಅಲ್ಲಿ ಇಳಿಯುವ ಮುನ್ನ ಮೀನುಗಾರರನ್ನು ಕೇಳಿ. ಒಬ್ಬರೇ ಇಳಿಯಬೇಡಿ.

ಹಂತ 5: ಬಲೆ ಹಾಕುವುದು

ಯಾವತ್ತೂ ಕೆಳಗಿನ ತುದಿಯಿಂದ ಮೇಲಕ್ಕೆ ಹೋಗಿ. ಮೇಲಿಂದ ಶುರುಮಾಡಿದರೆ ನೀವೇ ಕದಡಿದ ಹುಳುಗಳು ಮುಂದಿನ ಬಲೆಗೆ ಬಂದು ಸೇರುತ್ತವೆ. ಜಾಗಗಳ ವಿಷಯದಲ್ಲೂ ಹೀಗೇ, ಕೊಳೆ ಕಡೆಯ ಜಾಗ ಮೊದಲು. ಆದರೆ ಅಲ್ಲಿಂದ ಚೊಕ್ಕ ಜಾಗಕ್ಕೆ ಹೋಗುವ ಮುನ್ನ ಬಲೆಯನ್ನು ಒಳಗುಹೊರಗು ಮಾಡಿ ತೊಳೆಯಿರಿ. ಒಂದು ಕೆಂಪು ಹುಳು ಅಂಟಿಕೊಂಡು ಹೋದರೂ ಲೆಕ್ಕ ಕೆಡುತ್ತದೆ.

ಬಿಡಿ ಕಲ್ಲಿನ ತಳ, ಉದಾಹರಣೆಗೆ ಬೀದರ್ ಕಡೆಯ ಹಳ್ಳಗಳು: ಬಲೆಯ ಬಾಯಿ ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಅಲುಗಿಸಿ. ಒಟ್ಟು 3 ನಿಮಿಷ, ಗಡಿಯಾರ ನೋಡಿಕೊಂಡು. ಈ 3 ನಿಮಿಷವನ್ನು ಆ ಜಾಗದ ನೆಲೆಗಳಿಗೆ ಅವುಗಳ ಪಾಲಿನಷ್ಟು ಹಂಚಿ: ಅರ್ಧ ಕಲ್ಲು, ಅರ್ಧ ಜೊಂಡು ಇದ್ದರೆ ತಲಾ ಒಂದೂವರೆ ನಿಮಿಷ. ನಡೆದಾಡಿದ ಸಮಯ ಲೆಕ್ಕಕ್ಕಿಲ್ಲ. ದೊಡ್ಡ ಕಲ್ಲನ್ನು ಎತ್ತಿ ಬಲೆಯ ಬಾಯಲ್ಲಿ ಉಜ್ಜಿ ವಾಪಸ್ ಅಲ್ಲೇ ಇಡಿ.

ಪರಸಿ ತಳ: ಕಾಗಿಣಾದಲ್ಲಿ ಎಷ್ಟೋ ಕಡೆ ತಳವೆಂದರೆ ಹಾಸಿದ ಚಪ್ಪಡಿ. ಅಲ್ಲಿ ಕಾಲಿನಿಂದ ಒದ್ದರೆ ಏನೂ ಬರದು. ಇಲ್ಲಿ ಹೆಚ್ಚಿನವರು ಹುಳುವೇ ಇಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. 30×30 ಸೆಂ.ಮೀ. ತಂತಿ ಚೌಕಟ್ಟನ್ನು ಚಪ್ಪಡಿಯ ಮೇಲಿಟ್ಟು, ಒಳಗಿನ ಜಾಗವನ್ನು ಬ್ರಷ್‌ನಿಂದ ಉಜ್ಜಿ, ಬಿರುಕುಗಳನ್ನು ಚಾಕುವಿನ ಮೊನೆಯಿಂದ ಕೆದಕಿ, ಬಂದದ್ದು ಬಲೆಗೆ ಹರಿಯುವಂತೆ ಹಿಡಿಯಿರಿ. ಪ್ರತಿ ಜಾಗಕ್ಕೆ ಐದು ಚೌಕಟ್ಟು. ಪರಸಿಯ ಲೆಕ್ಕವನ್ನು ಪರಸಿಗೇ ಹೋಲಿಸಿ.

ಕೆರೆ, ಜಲಾಶಯದ ಅಂಚು: ಕಾರಂಜಾ, ಅಮರ್ಜಾ, ಬೆಣ್ಣೆತೊರೆ ಜಲಾಶಯಗಳಲ್ಲಿ ದಂಡೆಯ ಗಿಡಗಳೊಳಗೆ ಒಂದು ಮೀಟರ್ ಉದ್ದದ ಎಳೆತ, ಒಟ್ಟು 20. ಬಲೆ ವಾಪಸ್ ಬರುವಾಗಲೂ ಅದೇ ಜಾಗದಲ್ಲಿ ತನ್ನಿ, ಕದಡಿದ್ದು ಸಿಗುತ್ತದೆ.

ಕಪ್ಪೆಚಿಪ್ಪು, ಏಡಿ ಸಿಕ್ಕರೆ ಎಣಿಸಿ ಬಿಟ್ಟುಬಿಡಿ. ಮೀನನ್ನೂ ಅಷ್ಟೇ.

ಹಂತ 6: ಕೆಸರು ತೆಗೆಯುವುದು

ಪೈಪನ್ನು ನೇರವಾಗಿ 10 ಸೆಂ.ಮೀ. ಒತ್ತಿ, ಮೇಲಿನ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಕೆಳಗೆ ಅಂಗೈ ಕೊಟ್ಟು ಎತ್ತಿ. ಬಿರಡೆ ಮರೆತರೆ ಕೆಸರು ಜಾರಿಹೋಗುತ್ತದೆ. ಪ್ರತಿ ಜಾಗಕ್ಕೆ ಐದು ತುಂಡು. ಒಳ ಅಗಲ 10 ಸೆಂ.ಮೀ. ಇದ್ದರೆ ಒಂದು ತುಂಡಿನ ವಿಸ್ತೀರ್ಣ 78.5 ಚದರ ಸೆಂ.ಮೀ. ಅದರ ಎಣಿಕೆಯನ್ನು 127ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಎಕ್‌ಮನ್‌ಗೆ ಈ ಗುಣಕ 44.4. ದವಡೆಯಲ್ಲಿ ಕಲ್ಲು ಸಿಕ್ಕಿ ಅರ್ಧ ತೆರೆದು ಬಂದ ಗ್ರ್ಯಾಬನ್ನು ಚೆಲ್ಲಿ ಮತ್ತೆ ಹಾಕಿ.

ಜರಡಿಗೆ ಸುರಿಯುವ ಮುಂಚೆ ಒಂದು ತುಂಡನ್ನು ಉದ್ದಕ್ಕೆ ಸೀಳಿ ನೋಡಿ. ಮೇಲಿನ ಕಂದು ಪದರ ಎಷ್ಟು ದಪ್ಪ, ಕರಿ ಪದರ ಎಲ್ಲಿಂದ ಶುರು, ಕೊಳೆತ ಮೊಟ್ಟೆಯ ವಾಸನೆ ಇದೆಯೇ ಬರೆದುಕೊಳ್ಳಿ. ಒಂದು ಎಚ್ಚರಿಕೆ: ನಮ್ಮ ಎರೆಮಣ್ಣು ಹುಟ್ಟಿದ್ದೇ ಕಪ್ಪಗೆ. ಬಣ್ಣ ಒಂದನ್ನೇ ನೋಡಿ ಆಮ್ಲಜನಕವಿಲ್ಲದ ಕೆಸರು ಎನ್ನಬೇಡಿ. ಗಾಳಿಗಿಟ್ಟ ಮೇಲೆ ಕರಿ ಬಣ್ಣ ಕಂದಿಗೆ ತಿರುಗಿದರೆ, ವಾಸನೆಯೂ ಇದ್ದರೆ, ಅದು ಗಂಧಕದ ಕೆಸರು. ತಿರುಗದಿದ್ದರೆ ಬರೀ ಎರೆ.

ಹಂತ 7: ತೊಳೆದು ಆರಿಸುವುದು

ಎರೆಮಣ್ಣು ಜರಡಿಯ ಕಣ್ಣನ್ನು ಮೇಣದಂತೆ ಮುಚ್ಚಿಬಿಡುತ್ತದೆ. ಆಗ ಕೈಯಿಂದ ತಿಕ್ಕುವುದು, ಪೈಪಿನ ನೀರು ಜೋರಾಗಿ ಹೊಡೆಯುವುದು ಎರಡೂ ತಪ್ಪು. ಹುಳುಗಳು ತುಂಡಾಗುತ್ತವೆ, ತಲೆಯಿಲ್ಲದ ತುಂಡು ಎಣಿಕೆಗೆ ಬರದು. ಹೆಂಟೆಯನ್ನು ಬಕೆಟ್ ನೀರಲ್ಲಿ ಅರ್ಧ ತಾಸು ನೆನೆಯಲು ಬಿಡಿ. ಆಮೇಲೆ ಜರಡಿಯನ್ನು ಇನ್ನೊಂದು ಬಕೆಟ್ಟಿನ ನೀರಲ್ಲಿ ಅರ್ಧ ಮುಳುಗಿಸಿ ಅಲ್ಲಾಡಿಸುತ್ತ, ಸ್ವಲ್ಪಸ್ವಲ್ಪವೇ ಸುರಿಯಿರಿ.

ಮರಳು ಹೆಚ್ಚಿದ್ದರೆ ಅಕ್ಕಿ ಜಾಲಿಸಿದಂತೆ ಮಾಡಿ: ಬಕೆಟ್ಟಿನಲ್ಲಿ ನೀರು ತಿರುಗಿಸಿ, ಮೇಲೆದ್ದದ್ದನ್ನು ಜರಡಿಗೆ ಬಗ್ಗಿಸಿ, ಐದಾರು ಸಲ. ಕೆಳಗುಳಿದ ಮರಳನ್ನು ಚೆಲ್ಲುವ ಮುನ್ನ ಟ್ರೇಯಲ್ಲಿ ಹರಡಿ ನೋಡಿ. ಬಸವನಹುಳು, ಚಿಪ್ಪು, ಮರಳಿನ ಗೂಡು ಕಟ್ಟಿದ ಕ್ಯಾಡಿಸ್ ಎಂಬ ಕೀಟದ ಮರಿ ಎಲ್ಲ ಅಲ್ಲೇ ಉಳಿದಿರುತ್ತವೆ. ಕಸ ತೀರಾ ಹೆಚ್ಚಿದ್ದರೆ 1 ಲೀಟರ್ ನೀರಿಗೆ ಸುಮಾರು 390 ಗ್ರಾಂ ಸಕ್ಕರೆ ಕರಗಿಸಿದ ದ್ರಾವಣಕ್ಕೆ ಹಾಕಿ. ಹುಳು, ಮರಿ ತೇಲುತ್ತವೆ.

ಸಾಧ್ಯವಿದ್ದರೆ ಜೀವಂತ ಇರುವಾಗಲೇ, ನೆರಳಲ್ಲಿ ಕೂತು, ನಾಲ್ಕೈದು ತಾಸಿನೊಳಗೆ ಆರಿಸಿ. ಅಲುಗುವ ಹುಳು ಕಣ್ಣಿಗೆ ಬೇಗ ಬೀಳುತ್ತದೆ. ಜಿಗಣೆ, ಚಪ್ಪಟೆಹುಳು ಸ್ಪಿರಿಟ್‌ಗೆ ಬಿದ್ದರೆ ಮುದುಡಿ ಗುರುತು ಸಿಗದ ಹಾಗಾಗುತ್ತವೆ. ಅವನ್ನು ಅಲ್ಲೇ ಗುರುತಿಸಿ. ಏರೋಪ್ಲೇನ್ ಚಿಟ್ಟೆಯ ಮರಿಯನ್ನು ಬೇರೆ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ದಾರಿಯಲ್ಲೇ ನಿಮ್ಮ ಮಾದರಿಯನ್ನು ತಿಂದು ಮುಗಿಸುತ್ತದೆ.

ದೊಡ್ಡದಾಗಿ ಕಾಣುವುದನ್ನೇ ಆರಿಸುವುದು ಎಲ್ಲರೂ ಮಾಡುವ ತಪ್ಪು. ಟ್ರೇಯ ತಳದಲ್ಲಿ ಚೌಕಗಳನ್ನು ಗೀಚಿ, ಚೀಟಿ ಎತ್ತಿ ಬಂದ ಚೌಕದಲ್ಲಿರುವ ಎಲ್ಲವನ್ನೂ ತೆಗೆಯಿರಿ. ಒಟ್ಟು ಎಣಿಕೆ 200 ದಾಟಿದ ಚೌಕವನ್ನು ಪೂರ್ತಿ ಮುಗಿಸಿ ನಿಲ್ಲಿಸಿ.

ಹಂತ 8: ಸ್ಪಿರಿಟ್ ಮತ್ತು ಚೀಟಿ

ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಮಾದರಿ ತುಂಬಬೇಡಿ. ಹುಳುಗಳ ಮೈನೀರು ಸ್ಪಿರಿಟನ್ನು ತೆಳು ಮಾಡುತ್ತದೆ, ಮಾರನೇ ದಿನ ಬಸಿದು ಹೊಸದು ಹಾಕಿ. ಚೀಟಿ ಡಬ್ಬಿಯ ಒಳಗಿರಲಿ, ಪೆನ್ಸಿಲ್‌ನಲ್ಲಿ: ಹೊಳೆ, ಜಾಗ, ತಾರೀಖು, ನೆಲೆ, ವಿಧಾನ, ಎಷ್ಟನೇ ಡಬ್ಬಿ. ಬಾಲ್‌ಪೆನ್ ಶಾಯಿ ಸ್ಪಿರಿಟ್‌ನಲ್ಲಿ ಅಳಿಸಿಹೋಗುತ್ತದೆ. ಫಾರ್ಮಲಿನ್ ಬಳಸಬೇಡಿ. ಉಸಿರಿಗೆ ಕೆಟ್ಟದ್ದು, ಹುಳಿಯಾದರೆ ಚಿಪ್ಪನ್ನೂ ಕರಗಿಸುತ್ತದೆ.

ಹಂತ 9: ಕುಟುಂಬದವರೆಗೆ ಗುರುತು

ಜಾತಿಯವರೆಗೆ ಹೋಗಬೇಕಿಲ್ಲ, ಕುಟುಂಬ ಸಾಕು. ಮೇಲಿಂದ ಮೇಲೆ ತಪ್ಪಾಗುವವು ಇವು.

ಮೇಫ್ಲೈ ಎಂಬ ಕೀಟದ ಮರಿಯೋ, ಸೂಜಿ ಏರೋಪ್ಲೇನ್ ಚಿಟ್ಟೆಯ ಮರಿಯೋ? ಬಾಲದಲ್ಲಿ ದಾರದಂಥ ಎಳೆಗಳಿದ್ದು ಹೊಟ್ಟೆಯ ಪಕ್ಕ ಕಿವಿರುಗಳಿದ್ದರೆ ಮೇಫ್ಲೈ. ಬಾಲದಲ್ಲಿ ಮೂರು ಎಲೆಯಂಥ ಕಿವಿರು ಇದ್ದರೆ ಸೂಜಿ ಚಿಟ್ಟೆ. ಮೇಫ್ಲೈಗಳಲ್ಲಿ ಹೊಟ್ಟೆಯ ಮೇಲೆ ಎರಡು ಚೌಕ ಮುಚ್ಚಳ ಕಂಡರೆ ಸೀನಿಡೇ. ಮುಚ್ಚಳ ಕಿವಿರನ್ನು ಹೂಳಿನಿಂದ ಕಾಯುತ್ತದೆ, ಅದಕ್ಕೇ ಅದು ಕದಡಿದ ನೀರಲ್ಲೂ ಬಾಳುತ್ತದೆ.

ಕೆಂಪು ಹುಳು ಎರಡು ಬಗೆ. ತಲೆ ಇದ್ದು, ಮುಂದೆ ಹಿಂದೆ ಒಂದೊಂದು ಜೊತೆ ಮೊಂಡುಕಾಲು ಇದ್ದರೆ ಕೈರೊನೊಮಿಡೇ, ಅಕ್ವೇರಿಯಂ ಅಂಗಡಿಯ ಬ್ಲಡ್‌ವರ್ಮ್. ಬೇರೆಯಾಗಿ ಕಾಣುವ ತಲೆಯೂ ಕಾಲೂ ಇಲ್ಲದೆ ದಾರದಂತೆ ಸುತ್ತಿಕೊಂಡರೆ ಟ್ಯೂಬಿಫೆಕ್ಸ್ ಜಾತಿಯ ಎರೆಹುಳು.

ಬಸವನಹುಳುವನ್ನು ತುದಿ ಮೇಲೆ, ಬಾಯಿ ನಿಮ್ಮ ಕಡೆಗೆ ಹಿಡಿಯಿರಿ. ಬಾಯಿ ಎಡಕ್ಕೆ ಬಂದು ಚಿಪ್ಪು ಗೋಪುರದಂತಿದ್ದರೆ ಫೈಸಿಡೇ. ಬಲಕ್ಕೆ, ಬಾಗಿಲ ಮುಚ್ಚಳ ಇಲ್ಲದಿದ್ದರೆ ಲಿಮ್ನಿಡೇ. ಮುಚ್ಚಳವಿದ್ದು ಉದ್ದ ಚೂಪಾಗಿದ್ದರೆ ಥಿಯಾರಿಡೇ, ದುಂಡಗೆ ದಪ್ಪಗಿದ್ದರೆ ವಿವಿಪಾರಿಡೇ. ಖಾಲಿ ಚಿಪ್ಪನ್ನು ಎಣಿಸಲೇಬೇಡಿ. ಸುಣ್ಣದ ನೀರಲ್ಲಿ ಚಿಪ್ಪು ಬಹಳ ಕಾಲ ಕರಗದೆ ಉಳಿಯುತ್ತದೆ, ಎಲ್ಲಿಂದಲೋ ತೇಲಿಯೂ ಬಂದಿರುತ್ತದೆ.

ಹಂತ 10: ಅಂಕ ಹಾಕುವುದು

ಬಿಎಂಡಬ್ಲ್ಯೂಪಿ ಎಂಬುದು ಹುಳು ನೋಡಿ ನೀರಿನ ಗುಣ ಅಳೆಯಲು ಬ್ರಿಟನ್ನಿನಲ್ಲಿ ಮಾಡಿದ ಪಟ್ಟಿ. ಅದರಲ್ಲಿ ಪ್ರತಿ ಕುಟುಂಬಕ್ಕೆ 1ರಿಂದ 10ರ ಅಂಕವಿದೆ. ಮಾಲಿನ್ಯ ಸಹಿಸದವಕ್ಕೆ ಹೆಚ್ಚು. ಒಂದು ಹುಳು ಸಿಕ್ಕರೂ ನೂರು ಸಿಕ್ಕರೂ ಕುಟುಂಬಕ್ಕೆ ಒಂದೇ ಸಲ ಅಂಕ. ಇದೊಂದು ಕಲ್ಪಿತ ಉದಾಹರಣೆ:

ಮೇಲ್ಗಡೆ: ಲಿಬೆಲ್ಯುಲಿಡೇ 8, ಗಾಂಫಿಡೇ 8 (ಎರಡೂ ಏರೋಪ್ಲೇನ್ ಚಿಟ್ಟೆ), ಸೀನಿಡೇ 7, ಸೀನಾಗ್ರಿಯೊನಿಡೇ (ಸೂಜಿ ಚಿಟ್ಟೆ) 6, ವಿವಿಪಾರಿಡೇ 6, ಹೈಡ್ರೋಸೈಕಿಡೇ (ಕ್ಯಾಡಿಸ್) 5, ಬೀಟಿಡೇ (ಮೇಫ್ಲೈ) 4, ಲಿಮ್ನಿಡೇ 3, ಪ್ಲಾನಾರ್ಬಿಡೇ (ಚಪ್ಪಟೆ ಸುರುಳಿಯ ಬಸವನಹುಳು) 3, ಕೈರೊನೊಮಿಡೇ 2. ಒಟ್ಟು 52, ಸರಾಸರಿ 5.2.

ಕೆಳಗಡೆ: ಸೀನಾಗ್ರಿಯೊನಿಡೇ 6, ಗ್ಲಾಸಿಫೋನಿಡೇ (ಜಿಗಣೆ) 3, ಲಿಮ್ನಿಡೇ 3, ಪ್ಲಾನಾರ್ಬಿಡೇ 3, ಕೈರೊನೊಮಿಡೇ 2, ಎರೆಹುಳು 1. ಒಟ್ಟು 18, ಸರಾಸರಿ 3.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡದಲ್ಲಿ ಸರಾಸರಿ 3ರಿಂದ 6 ಎಂದರೆ ಸಿ ವರ್ಗ, ಮಧ್ಯಮ ಮಾಲಿನ್ಯ. ಸರಾಸರಿ ಮಾತ್ರ ನೋಡಿದರೆ ಎರಡೂ ಜಾಗ ಒಂದೇ ವರ್ಗ! ಇಲ್ಲೇ ಎರಡನೇ ಅಂಕಿ, ವೈವಿಧ್ಯದ ಅಂಕ, ಬೇಕಾಗುವುದು.

ಹುಳುಗಳನ್ನು ಟ್ರೇಯಲ್ಲಿ ಕಲಸಿ, ಆರಿಸದೆ ಒಂದೊಂದೇ ಎತ್ತಿ. ಪ್ರತಿಯೊಂದನ್ನೂ ಹಿಂದಿನದಕ್ಕೆ ಹೋಲಿಸಿ, ಬೇರೆಯಾದರೆ ಹೊಸ ಸರಣಿ. ಸರಣಿಗಳ ಸಂಖ್ಯೆಯನ್ನು ಹುಳುಗಳ ಸಂಖ್ಯೆಯಿಂದ ಭಾಗಿಸಿ. ಅ ಅ ಬ ಅ ಕ ಕ ಎಂದು ಬಂದರೆ ನಾಲ್ಕು ಸರಣಿ, ಆರು ಹುಳು, ಅಂಕ 0.67. ಕನಿಷ್ಠ 50 ಎತ್ತಿ. ಮೇಲ್ಗಡೆ 0.6, ಕೆಳಗಡೆ 0.2 ಬಂತೆನ್ನಿ. ಸಿ ವರ್ಗಕ್ಕೆ ವೈವಿಧ್ಯ 0.3ರಿಂದ 0.9 ಇರಬೇಕು, ಡಿ ವರ್ಗಕ್ಕೆ ಸರಾಸರಿ 2ರಿಂದ 5, ವೈವಿಧ್ಯ 0.4 ಅಥವಾ ಕಡಿಮೆ. ಆದ್ದರಿಂದ ಕೆಳಗಿನ ಜಾಗ ಡಿ, ಭಾರೀ ಮಾಲಿನ್ಯ.

ವರದಿಯಲ್ಲಿ ವರ್ಗದ ಅಕ್ಷರ ಒಂದನ್ನೇ ಬರೆಯಬೇಡಿ. ಒಟ್ಟು, ಸರಾಸರಿ, ವೈವಿಧ್ಯ, ಕುಟುಂಬಗಳ ಹೆಸರು ನಾಲ್ಕೂ ಇರಲಿ. ಪಟ್ಟಿಯಲ್ಲಿ ಇಲ್ಲದ ಕುಟುಂಬಕ್ಕೆ ನೀವೇ ಅಂಕ ಕೊಡಬೇಡಿ, ಹೆಸರು ಮಾತ್ರ ಬರೆಯಿರಿ.

ಹಂತ 11: ಪಟ್ಟಿ ಏನು ಹೇಳುತ್ತದೆ

ಬಚ್ಚಲು-ಶೌಚದ ಕೊಳೆ: ಬಗೆ ಕಡಿಮೆ, ಸಂಖ್ಯೆ ವಿಪರೀತ. ಎರಡೂ ಕೆಂಪು ಹುಳುಗಳು ಕಿಕ್ಕಿರಿದಿರುತ್ತವೆ. ಅವುಗಳ ಮೈಯ ಹಿಮೋಗ್ಲೋಬಿನ್ ಕಡಿಮೆ ಆಮ್ಲಜನಕದಲ್ಲೂ ಉಸಿರು ಕೊಡುತ್ತದೆ.

ಕೀಟನಾಶಕ: ಸಿಗಡಿ, ಮೇಫ್ಲೈ ಥಟ್ಟನೆ ಮಾಯ, ಬಸವನಹುಳು ಮತ್ತು ಎರೆಹುಳು ಹಾಗೇ ಇವೆ. ನೀರು ನೋಡಲು ಚೊಕ್ಕ, ಆಮ್ಲಜನಕ ಸರಿ, ಆದರೂ ಹೀಗಿದ್ದರೆ ತೊಗರಿ, ಹತ್ತಿ, ಭತ್ತದ ಹೊಲಗಳ ಕಡೆ ನೋಡಿ.

ಲೋಹದ ಮಾಲಿನ್ಯ: ಬಸವನಹುಳು, ಚಿಪ್ಪು, ಮೇಫ್ಲೈ ಹೋಗುತ್ತವೆ, ಸಂಖ್ಯೆಯೂ ಕುಸಿಯುತ್ತದೆ.

ಕಲ್ಲುಪುಡಿ, ಹೂಳು: ನೀರು ಸೋಸಿ ತಿನ್ನುವ ಹೈಡ್ರೋಸೈಕಿಡೇ ಹೋಗಿ ಸೀನಿಡೇ ಉಳಿದರೆ ವಿಷಕ್ಕಿಂತ ಹೂಳಿನ ಮೇಲೆ ಅನುಮಾನ ಪಡಿ. ಗಣಿಗಳ ಕೆಳಗಿನ ಹಳ್ಳಗಳಲ್ಲಿ ಇದನ್ನು ಮೊದಲು ಪರೀಕ್ಷಿಸಿ.

ನೀರುಜೀರುಂಡೆ, ನೀರುಚೇಳು, ಸೊಳ್ಳೆಮರಿ ಮೇಲೆ ಬಂದು ಗಾಳಿ ಕುಡಿಯುವವು. ಅವು ಎಷ್ಟಿದ್ದರೂ ನೀರಿನ ಆಮ್ಲಜನಕದ ಬಗ್ಗೆ ಏನೂ ಹೇಳುವುದಿಲ್ಲ.

ಹಂತ 12: ಕೆಸರಿನ ಹತ್ತು ದಿನದ ಪರೀಕ್ಷೆ

ಕೆಳಗಿನ ಕೆಸರಲ್ಲಿ ಹುಳು ಕಡಿಮೆ, ಕಾರಣ ಮೇಲಿನ ನೀರೋ ಕೆಸರೋ ಗೊತ್ತಾಗುತ್ತಿಲ್ಲ ಎಂದಾಗ ಇದು. 300 ಮಿ.ಲೀ. ಬೀಕರಿಗೆ 100 ಮಿ.ಲೀ. ಕೆಸರು, ಮೇಲೆ 175 ಮಿ.ಲೀ. ಕ್ಲೋರಿನ್ ಹೋದ ಚೊಕ್ಕ ನೀರು. ಕೆಸರಲ್ಲಿ ಮೊದಲೇ ಇದ್ದ ಹುಳುಗಳನ್ನು ಚಿಮಟದಿಂದ ತೆಗೆಯಿರಿ. ಒಂದು ರಾತ್ರಿ ತಿಳಿಯಾಗಲು ಬಿಟ್ಟು, ಒಂದೇ ಗಾತ್ರದ 10 ಎಳೆ ಕೈರೊನೊಮಸ್ (ಬ್ಲಡ್‌ವರ್ಮ್) ಮರಿ ಬಿಡಿ. ಪ್ರತಿ ಕೆಸರಿಗೆ 8 ಬೀಕರ್, ಜೊತೆಗೆ ಮೇಲ್ಗಡೆಯ ಚೊಕ್ಕ ಕೆಸರಿನದೂ 8. ದಿನಾ ಸ್ವಲ್ಪ ಮೀನಿನ ಆಹಾರದ ಗಂಜಿ, ದಿನಾ ನೀರು ಬದಲು. 10ನೇ ದಿನ ಜರಡಿ ಹಿಡಿದು ಬದುಕಿದವನ್ನು ಎಣಿಸಿ.

ಉಷ್ಣತೆ 23 ಡಿಗ್ರಿ ಆಸುಪಾಸು ಇರಬೇಕು. ನಮ್ಮ ಸೀಮೆಯಲ್ಲಿ ಎ.ಸಿ. ಇಲ್ಲದೆ ಇದು ಡಿಸೆಂಬರ್-ಜನವರಿಯ ಕೆಲಸವೇ. ಆಮ್ಲಜನಕ 2.5 ಮಿ.ಗ್ರಾಂ.ಗಿಂತ ಇಳಿದರೆ, ನೀರು ಹಾಲಿನಂತೆ ಮಸುಕಾದರೆ ಆಹಾರ ಹೆಚ್ಚಾಗಿದೆ. ಆಹಾರ ನಿಲ್ಲಿಸಿ, ಕೆಸರು ಕದಡದಂತೆ ಮೆಲ್ಲಗೆ ಗಾಳಿ ಬಿಡಿ.

ಚೊಕ್ಕ ಕೆಸರಿನ ಬೀಕರುಗಳಲ್ಲಿ 70 ಶೇಕಡಾಕ್ಕಿಂತ ಕಡಿಮೆ ಬದುಕಿದ್ದರೆ ಪರೀಕ್ಷೆಯೇ ಬಿದ್ದಂತೆ. ಕೊಳೆ ಕೆಸರಿನ ಅಂಕಿ ಎಷ್ಟೇ ಕೆಟ್ಟದಾಗಿ ಬಂದಿರಲಿ, ಅದನ್ನು ಬರೆಯದೆ ಹೊಸ ಮರಿಗಳಿಂದ ಮತ್ತೆ ಶುರುಮಾಡಿ. ಕೆಸರನ್ನು ಅಲ್ಲಿಯವರೆಗೆ ಮುಚ್ಚಿದ ಡಬ್ಬಿಯಲ್ಲಿ 4 ಡಿಗ್ರಿಯಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ.